ಕೊಟ್ಟಿಗೆಯ ಗಿಣ್ಣೂ ಡಬ್ಬಿಯ ಪುಡಿಯೂ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಶ್ರೀ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಸಂತಾನಭಾಗ್ಯವನ್ನು ಬೇಡುವ ದಂಪತಿಗಳು ದೂರದ ಊರುಗಳಿಂದಲೂ ಬರುತ್ತಾರೆ. ಮನೆಗೊಂದು ಕಂದ ಬೇಕೆಂದು ಹರಕೆ ಹೊರುವುದು ಮನುಷ್ಯಸಹಜವಾದ ಆಸೆ. ಆದರೆ ಗೋಪಾಲನ ಹೆಸರಿನ ಈ ಸೀಮೆಯಲ್ಲಿ, ಕೊಟ್ಟಿಗೆಯಲ್ಲಿ ಹುಟ್ಟಿದ ಕಂದನಿಗೆ ಮೊದಲ ದಿನ ಎಷ್ಟು ಹಾಲು ದೊರೆಯಿತು, ಯಾವ ಹೊತ್ತಿಗೆ ದೊರೆಯಿತು ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆ ಕರುವಿನ ಮೇಲಣ ಕನಿಕರಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಹಸುವಿನ ಗಿಣ್ಣುಹಾಲನ್ನು ಒಣಗಿಸಿ, ಪುಡಿಮಾಡಿ, ಡಬ್ಬಿಗಳಲ್ಲಿಯೂ ಗುಳಿಗೆಗಳಲ್ಲಿಯೂ ತುಂಬಿ ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಮಾರುವ ವ್ಯಾಪಾರವೊಂದು ದೇಶದಲ್ಲಿ ಬೆಳೆದುನಿಂತಿದೆ. 2020ರ ಕೋವಿಡ್ ಪಿಡುಗಿನ ತರುವಾಯ ಇಂತಹ ಸರಕುಗಳ ಕಡೆಗೆ ಜನರ ಒಲವು ಇಮ್ಮಡಿಸಿತು. ಪುಡಿಯ ಗುಣ ಕಾರ್ಖಾನೆಯಲ್ಲಿ ನಿಶ್ಚಯವಾಗುತ್ತದೆಂದು ಕೊಳ್ಳುವವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಹಸು ಈಯುವುದಕ್ಕೆ ಎರಡು ತಿಂಗಳು ಮೊದಲೇ, ಯಾರೋ ಒಬ್ಬ ರೈತನ ಕೊಟ್ಟಿಗೆಯಲ್ಲಿ ಬಹುಮಟ್ಟಿಗೆ ನಿಶ್ಚಯವಾಗಿ ಹೋಗಿರುತ್ತದೆ.

ಗಿಣ್ಣು ಈ ನಾಡಿಗೆ ಹೊಸತಲ್ಲ. ಹಸು ಕರು ಹಾಕಿದ ಮನೆಯಿಂದ ನೆರೆಮನೆಗಳಿಗೆ ಒಂದು ಲೋಟ ಗಿಣ್ಣುಹಾಲು ಹೋಗುವುದು, ಆ ಮನೆಯವರು ಬೆಲ್ಲ ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿ ಮಕ್ಕಳಿಗೆ ಹಂಚುವುದು, ಹಳ್ಳಿಗಳ ಹಳೆಯ ಸಂಪ್ರದಾಯ. ಗಿಣ್ಣನ್ನು ಮಾರಬಾರದೆಂಬ ಭಾವನೆಯೂ ಅನೇಕ ಮನೆಗಳಲ್ಲಿ ಇತ್ತು. ಈಗಲೂ ಕೆಲವೆಡೆ ಇದೆ. ಮೊದಲ ದಿನದ ಗಿಣ್ಣಿಗೆ ಎರಡರಷ್ಟು ಹಾಲು ಬೆರೆಸಿದರೂ ಅದು ಗಟ್ಟಿಯಾಗಿ ಕೂರುತ್ತದೆ, ಮೂರು ನಾಲ್ಕನೆಯ ದಿನದ್ದು ಏನು ಮಾಡಿದರೂ ಕೂರುವುದಿಲ್ಲ ಎಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ವಿಜ್ಞಾನದ ಪುಸ್ತಕಗಳು ಹೇಳುವುದೂ ಇದನ್ನೇ. ಈದ ಹಸುವಿನ ಮೊದಲ ಕರೆತದ ಗಿಣ್ಣಿನಲ್ಲಿ ಸಸಾರಜನಕದ ಪ್ರಮಾಣ ಶೇಕಡ 14ರಷ್ಟು ಇದ್ದರೆ, ಎರಡನೆಯ ಕರೆತದಲ್ಲಿ ಅದು 8ಕ್ಕೂ ಮೂರನೆಯದರಲ್ಲಿ 5ಕ್ಕೂ ಇಳಿಯುತ್ತದೆ. ಸಾಮಾನ್ಯ ಹಾಲಿನಲ್ಲಿ ಇರುವುದು ಸುಮಾರು 3 ಮಾತ್ರ. ಅಡುಗೆಮನೆಯ ಈ ಪರೀಕ್ಷೆಯನ್ನು ಅನಕ್ಷರಸ್ಥರ ನಂಬಿಕೆಯೆಂದು ಕಡೆಗಣಿಸುವಂತಿಲ್ಲ.

ಹೀಗೆ ಹೆಚ್ಚಾಗಿರುವ ಸಸಾರಜನಕದ ಬಹುಭಾಗ ಇಮ್ಯುನೋಗ್ಲಾಬ್ಯುಲಿನ್ ಎಂಬ ಪ್ರತಿಕಾಯಗಳು. ಅವುಗಳ ಪ್ರಯೋಜನವೇನೆಂಬುದನ್ನು ಅರಿಯಲು ಹಸುವಿನ ಗರ್ಭದ ಒಂದು ವಿಶೇಷವನ್ನು ಗಮನಿಸಬೇಕು. ಮನುಷ್ಯರಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು ಮಾಸಿನ ಮೂಲಕ ಗರ್ಭಸ್ಥ ಶಿಶುವಿಗೆ ಸೇರುತ್ತವೆ. ಹಸುವಿನಲ್ಲಿ ಹಾಗಾಗದು, ಅದರ ಮಾಸು ಅವುಗಳನ್ನು ದಾಟಗೊಡುವುದಿಲ್ಲ. ಆದುದರಿಂದ ಕರು ಬರಿಗೈಯಲ್ಲಿ ಭೂಮಿಗೆ ಬೀಳುತ್ತದೆ. ಅದಕ್ಕೆ ರೋಗಗಳನ್ನು ಎದುರಿಸುವ ಬಲವೆಲ್ಲ ಬರಬೇಕಾದುದು ಗಿಣ್ಣಿನಿಂದ. ಅದೂ ಬೇಕಾದಾಗ ಅಲ್ಲ. ಹುಟ್ಟಿದ ಕರುವಿನ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ಹೀರಿ ರಕ್ತಕ್ಕೆ ಬಿಡುವುದು ಮೊದಲ ಕೆಲವು ಗಂಟೆಗಳಲ್ಲಿ. ಆ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಬಂದು, ಒಂದು ದಿನ ಕಳೆಯುವಷ್ಟರಲ್ಲಿ ಭದ್ರವಾಗಿ ಮುಚ್ಚಿಹೋಗುತ್ತದೆ. ಮಾರನೆಯ ದಿನ ಕೊಡವೆತ್ತಿ ಸುರಿದರೂ ಅದು ಹೊಟ್ಟೆಗೆ ಆಹಾರವಾದೀತೇ ಹೊರತು ರಕ್ತಕ್ಕೆ ರಕ್ಷೆಯಾಗದು.

ಇಷ್ಟು ತಿಳಿದ ಮೇಲೆ ಹಲವು ಹಳ್ಳಿಗಳಲ್ಲಿ ಉಳಿದುಬಂದಿರುವ ಒಂದು ರೂಢಿಯನ್ನು ಖಂಡಿಸದೆ ಮುಂದೆ ಹೋಗುವಂತಿಲ್ಲ. ಹಸುವಿನ ಸತ್ತೆ, ಎಂದರೆ ಮಾಸು, ಬೀಳುವವರೆಗೆ ಕರುವಿಗೆ ಮೊಲೆ ಕೊಡಬಾರದೆಂದು ಹಿರಿಯರು ತಡೆಯುವುದುಂಟು. ಸತ್ತೆ ಬೀಳಲು ಕೆಲವೊಮ್ಮೆ ಎಂಟು ಹತ್ತು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕರು ಬಾಯಾರಿ ಮಲಗಿರುತ್ತದೆ, ಕರುಳಿನ ಬಾಗಿಲು ಮುಚ್ಚುತ್ತಿರುತ್ತದೆ. ವಸ್ತುತಃ ಕರು ಮೊಲೆ ಚೀಪಿದರೆ ಹಸುವಿನ ಗರ್ಭಕೋಶ ಸಂಕೋಚಗೊಂಡು ಸತ್ತೆ ಬೀಳುವುದಕ್ಕೆ ನೆರವೇ ಆಗುತ್ತದೆ. ಗೋವಿನ ಹಾಡಿನ ಹಸು ಹುಲಿಯೊಡನೆ ಬೇಡಿಕೊಂಡುದು ಕರುವಿಗೆ ಹಾಲುಣಿಸಿ ಬರುವ ಅವಕಾಶವನ್ನು. ಆ ಹಾಡನ್ನು ಪಾಠವಾಗಿ ಓದಿದವರ ಮನೆಗಳಲ್ಲಿಯೇ ಈ ರೂಢಿ ಉಳಿದಿರುವುದು ವಿಚಿತ್ರ.

ಇನ್ನು ಗಿಣ್ಣಿನ ಗುಣವನ್ನು ನಿರ್ಧರಿಸುವ ಸಂಗತಿಗಳ ಕಡೆಗೆ ಬರಬಹುದು. ಈಯುವುದಕ್ಕೆ ಕೆಲವು ವಾರಗಳ ಮುಂಚೆ ಹಸುವಿನ ರಕ್ತದಲ್ಲಿರುವ ಪ್ರತಿಕಾಯಗಳು ಕೆಚ್ಚಲಿಗೆ ಇಳಿದು ಸಂಗ್ರಹವಾಗತೊಡಗುತ್ತವೆ. ಇದಕ್ಕೆ ಕೆಚ್ಚಲಿಗೆ ಬಿಡುವು ಬೇಕು. ಎಂಟು ವಾರಗಳ, ಎಂದರೆ ಸುಮಾರು 60 ದಿನಗಳ ಬಿಡುವು ಉತ್ತಮವೆಂದು ಪಶುವೈದ್ಯರು ಹೇಳುತ್ತಾರೆ. ಮೂರು ವಾರಗಳಿಗಿಂತ ಕಡಿಮೆಯಾದರೆ ಗಿಣ್ಣು ಹೆಸರಿಗೆ ಗಿಣ್ಣಾಗಿ ಉಳಿಯುತ್ತದೆ. ಆದರೆ ಹಾಲು ಬತ್ತಿಸುವ ಈ ಕೆಲಸವೇ ಬಡ ರೈತನಿಗೆ ಕಠಿಣವಾದುದು. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ ಆನಂದ್ ಮಾದರಿಯ ಸಹಕಾರ ಸಂಘಗಳು ದಕ್ಷಿಣದ ಜಿಲ್ಲೆಗಳಿಗೆ ಬಂದ ಮೇಲೆ ಹಾಲಿನ ಬಟವಾಡೆ ಹಳ್ಳಿಯ ಸಂಸಾರಗಳ ಆಧಾರಸ್ತಂಭವಾಗಿದೆ. ಮಳೆ ಕೈಕೊಟ್ಟರೂ, ನಾಲೆಯಲ್ಲಿ ನೀರು ನಿಂತರೂ, ಕಬ್ಬಿನ ಹಣ ತಡವಾದರೂ ಹಾಲಿನ ಹಣ ಬರುತ್ತದೆ. ಏಳು ತಿಂಗಳು ತುಂಬಿದ ಗಬ್ಬದ ಹಸು ದಿನಕ್ಕೆ ನಾಲ್ಕು ಲೀಟರು ಕರೆಯುತ್ತಿದೆಯೆಂದು ಇಟ್ಟುಕೊಂಡರೆ, ಅದನ್ನು 60 ದಿನ ಬತ್ತಿಸುವುದೆಂದರೆ 240 ಲೀಟರು ಹಾಲನ್ನು ಬಿಟ್ಟುಕೊಡುವುದು. ಮಗಳ ಶಾಲೆಯ ಶುಲ್ಕವನ್ನೋ ಸ್ತ್ರೀಶಕ್ತಿ ಸಂಘದ ಸಾಲದ ಕಂತನ್ನೋ ಆ ಹಣದಲ್ಲಿ ಕಟ್ಟಬೇಕಾದ ತಾಯಿ, ಹಸು ಈಯುವ ವಾರದವರೆಗೂ ಕೆಚ್ಚಲ ಕೆಳಗೆ ಪಾತ್ರೆ ಹಿಡಿದರೆ ಅವಳನ್ನು ದೂಷಿಸುವುದು ಸುಲಭ, ನ್ಯಾಯವಲ್ಲ. ಉತ್ತಮ ಗಿಣ್ಣು ಬೇಕೆನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ, ಆ 240 ಲೀಟರಿನ ನಷ್ಟವನ್ನು ತುಂಬಿಕೊಡುವವರು ಯಾರು ಎಂಬುದು. ಪುಡಿಯ ಡಬ್ಬಿಯ ಬೆಲೆಯಲ್ಲಿ ಅದರ ಲೆಕ್ಕ ಎಲ್ಲಿಯೂ ಕಾಣುವುದಿಲ್ಲ.

ಎರಡನೆಯದು ಕರೆಯುವ ಹೊತ್ತು. ಕರು ಹಾಕಿದ ಕ್ಷಣದಿಂದಲೇ ಕೆಚ್ಚಲಿನಲ್ಲಿ ಹೊಸ ಹಾಲು ಸೇರತೊಡಗಿ ಗಿಣ್ಣು ತೆಳುವಾಗುತ್ತ ಹೋಗುತ್ತದೆ. ಎರಡು ಗಂಟೆಯೊಳಗೆ ಕರೆದ ಗಿಣ್ಣಿಗೂ, ರಾತ್ರಿ ಈದ ಹಸುವನ್ನು ಬೆಳಗಿನ ಮಾಮೂಲು ಹೊತ್ತಿಗೆ ಕರೆದ ಗಿಣ್ಣಿಗೂ ಅಂತರವುಂಟು. ಮೊದಲ ಕರೆತದ್ದನ್ನೂ ಮೂರನೆಯ ದಿನದ್ದನ್ನೂ ಒಂದೇ ಕ್ಯಾನಿಗೆ ಸುರಿದರೆ ಆಗುವುದೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂತಹ ಕ್ಯಾನಿನಿಂದ ತಯಾರಾದ ಪುಡಿಯ ಮೇಲೂ ಗಿಣ್ಣಿನ ಪುಡಿಯೆಂದೇ ಅಚ್ಚಾಗಿರುತ್ತದೆ.

ಹಸುವಿನ ವಯಸ್ಸು, ತಳಿಗಳೂ ಇಲ್ಲಿ ಮಾತನಾಡುತ್ತವೆ. ಚೊಚ್ಚಲ ಹಸುವಿಗಿಂತ ಮೂರನೆಯ, ನಾಲ್ಕನೆಯ ಸೂಲಿನ ಹಸು ಹೆಚ್ಚು ರೋಗಗಳ ಪರಿಚಯ ಪಡೆದಿರುವುದರಿಂದ ಅದರ ಗಿಣ್ಣು ಸಾಮಾನ್ಯವಾಗಿ ಶ್ರೀಮಂತವಾಗಿರುತ್ತದೆ. ಹೆಚ್ಚು ಹಾಲಿನ ಹೋಲ್‌ಸ್ಟೀನ್ ಹಸು ಗಿಣ್ಣನ್ನೂ ಹೆಚ್ಚು ಕೊಡುತ್ತದೆ, ಆದರೆ ಅದು ತೆಳ್ಳಗಿರುವ ಸಂಭವವೂ ಹೆಚ್ಚು. ಜರ್ಸಿಯ ಗಿಣ್ಣು ಅದಕ್ಕಿಂತ ಸಾಂದ್ರ. ಮೈಸೂರು ಸೀಮೆಯ ಸ್ವಂತ ಆಸ್ತಿಯಾದ ಹಳ್ಳಿಕಾರ್ ಹಸುವಿನ ಮಾತು ಬೇರೆ. ಅದನ್ನು ಸಾಕಿದ್ದು ಹಾಲಿಗಾಗಿ ಅಲ್ಲ, ಉಳುವ, ಗಾಡಿ ಎಳೆಯುವ ಹೋರಿಗಾಗಿ. ಕರುವೇ ಅಂದಿನ ಕೊಟ್ಟಿಗೆಯ ಫಸಲು. ಆದಕಾರಣ ಮೊದಲ ಗಿಣ್ಣನ್ನು ಕರುವಿಗೆ ಬಿಡುವುದು ಧರ್ಮವೂ ಆಗಿತ್ತು, ಲಾಭವೂ ಆಗಿತ್ತು. ಟ್ರ್ಯಾಕ್ಟರು ಬಂದ ಮೇಲೆ ಈ ಎರಡೂ ಬೇರೆ ಬೇರೆಯಾದುವು. ಇಂದು ಕೊಟ್ಟಿಗೆಯ ಫಸಲು ಹಾಲು. ಮಿಶ್ರತಳಿಯ ಗಂಡುಕರು ಯಾರಿಗೂ ಬೇಡವಾದ ಹೊರೆ. ಅದಕ್ಕೆ ಗಿಣ್ಣು ಕುಡಿಸುವ ವಿಷಯದಲ್ಲಿ ಈಗಲೇ ಉದಾಸೀನವಿದೆ. ನಾಳೆ ಗಿಣ್ಣು ಕೊಳ್ಳುವ ವ್ಯಾಪಾರಿ ಬಾಗಿಲಿಗೆ ಬಂದು ಹಾಲಿನ ಹಲವು ಪಟ್ಟು ಬೆಲೆ ಕೊಡುತ್ತೇನೆಂದರೆ ಮೊಟ್ಟಮೊದಲು ಹಸಿದು ಸಾಯುವುದು ಆ ಗಂಡುಕರುವೇ.

ಲಸಿಕೆಯ ವಿಷಯವನ್ನು ರೈತರು ಇನ್ನೂ ಸರಿಯಾಗಿ ಗ್ರಹಿಸಿಲ್ಲ. ಗಬ್ಬದ ಹಸುವಿಗೆ ಲಸಿಕೆ ಹಾಕಿಸಿದರೆ ಕಂದು ಹಾಕೀತು, ಹಾಲು ಇಳಿದೀತು ಎಂಬ ಭಯ ಹಳ್ಳಿಗಳಲ್ಲಿದೆ. ಆದರೆ ತಾಯಿಯ ರಕ್ತದಲ್ಲಿ ಯಾವ ರೋಗದ ವಿರುದ್ಧ ಪ್ರತಿಕಾಯವಿಲ್ಲವೋ ಅದು ಗಿಣ್ಣಿನಲ್ಲಿಯೂ ಇರುವುದಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯದ ದಕ್ಷಿಣ ಜಿಲ್ಲೆಗಳ ಕೊಟ್ಟಿಗೆಗಳನ್ನು ಬರಿದುಮಾಡಿದುದನ್ನೂ, 2022ರಲ್ಲಿ ಚರ್ಮಗಂಟು ರೋಗ ಹರಡಿದುದನ್ನೂ ಮರೆಯುವಂತಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯೊಡನೆ ಹೆಣ್ಣುಕರುಗಳಿಗೆ ಬ್ರುಸೆಲ್ಲಾ ಲಸಿಕೆಯನ್ನೂ ಸೇರಿಸಲಾಗಿದೆ. ಬ್ರುಸೆಲ್ಲಾ ಹಸುವಿನ ಗಬ್ಬ ಇಳಿಸುವ ರೋಗ. ಹಸಿ ಹಾಲಿನ ಮೂಲಕ ಮನುಷ್ಯರಿಗೂ ಅಂಟಿ ಬಿಟ್ಟು ಬಿಟ್ಟು ಬರುವ ಜ್ವರವನ್ನು ತರುತ್ತದೆ. ಗಿಣ್ಣು ಪ್ರತಿಕಾಯಗಳನ್ನು ಹೊತ್ತು ತರುವಂತೆಯೇ ರೋಗಾಣುಗಳನ್ನೂ ಹೊತ್ತು ತರಬಲ್ಲದು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಹಸಿ ಗಿಣ್ಣನ್ನು ಔಷಧವೆಂದು ಕುಡಿಯುವ ಹೊಸ ಹವ್ಯಾಸ ಆದುದರಿಂದ ಅಪಾಯಕರವಾದುದು.

ಮೇವಿನ ಪ್ರಭಾವವನ್ನು ಮಾತ್ರ ಕೆಲವರು ಅತಿಯಾಗಿ ಹೇಳುತ್ತಾರೆ. ಒಣ ಹುಲ್ಲು, ಕಬ್ಬಿನ ಸೋಗೆಗಳಲ್ಲಿಯೇ ದಿನ ನೂಕುವ ಹಸುವಿನ ಗಿಣ್ಣು ಪ್ರಮಾಣದಲ್ಲಿ ಕುಗ್ಗುತ್ತದೆ. ಜೀವಸತ್ವಗಳೂ ಖನಿಜಗಳೂ ಕಡಿಮೆಯಾಗಿ ಕರು ನಿಶ್ಶಕ್ತವಾಗಿ ಹುಟ್ಟುತ್ತದೆ. ಹಸಿರು ಮೇವೂ ಖನಿಜ ಮಿಶ್ರಣವೂ ಅಗತ್ಯವೇ ಸರಿ. ಆದರೆ ಪ್ರತಿಕಾಯಗಳ ಸಾಂದ್ರತೆಯ ಮೇಲೆ ಮೇವಿಗಿಂತ ಬಿಡುವಿನ ದಿನಗಳ ಮತ್ತು ಕರೆಯುವ ಹೊತ್ತಿನ ಪ್ರಭಾವವೇ ದೊಡ್ಡದು. ದುಬಾರಿ ಹಿಂಡಿಯ ಚೀಲ ತಂದು ಸುರಿದು ಹಸುವನ್ನು ಕಡೆಯ ದಿನದವರೆಗೂ ಕರೆಯುವವರಿಗೆ ಇದನ್ನು ತಿಳಿಯಹೇಳಬೇಕು. ಬಿಸಿಲಿನ ಮಾತೂ ಉಂಟು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ತಗ್ಗಾದ ಶೀಟಿನ ಕೊಟ್ಟಿಗೆಯಲ್ಲಿ ಏದುಸಿರು ಬಿಡುತ್ತ ನಿಂತ ತುಂಬುಗಬ್ಬದ ಹಸುವಿನ ಗಿಣ್ಣು, ಬೇವಿನ ಮರದ ನೆರಳಿನಲ್ಲಿ ಕಟ್ಟಿದ ಹಸುವಿನ ಗಿಣ್ಣಿಗಿಂತ ಹಗುರವಾಗುವ ಸಂಭವವಿದೆ.

ಶುಚಿತ್ವವನ್ನು ಕುರಿತು ಸಾಕಷ್ಟು ಮಂದಿ ಬರೆದಿದ್ದಾರೆ. ಇಲ್ಲಿ ಹೇಳಬೇಕಾದುದು ಇಷ್ಟೆ: ಸಗಣಿ ಮೆತ್ತಿದ ಕೆಚ್ಚಲಿನಿಂದ ಕೊಳಕು ಪಾತ್ರೆಗೆ ಕರೆದ ಗಿಣ್ಣಿನಲ್ಲಿ ಸೂಕ್ಷ್ಮಾಣುಗಳು ತಾಸುಗಳಲ್ಲಿಯೇ ಅಸಂಖ್ಯವಾಗಿ ಬೆಳೆಯುತ್ತವೆ, ಮತ್ತು ಅವು ಕರುವಿನ ಕರುಳಿನಲ್ಲಿ ಪ್ರತಿಕಾಯಗಳ ಹೀರುವಿಕೆಗೇ ಅಡ್ಡಿಯಾಗುತ್ತವೆ. ಕೆಚ್ಚಲು ಬಾವು ತಡೆಯಲೆಂದು ಬತ್ತಿಸುವ ದಿನ ಮೊಲೆಯೊಳಗೆ ಏರಿಸುವ ಔಷಧದ್ದು ಇನ್ನೊಂದು ತೊಡಕು. ಪೂರ್ತಿ ಎರಡು ತಿಂಗಳು ಕಳೆದರೆ ಅದರ ಅಂಶ ಇಲ್ಲವಾಗುತ್ತದೆ. ಅವಧಿಗೆ ಮುಂಚೆಯೇ ಈದರೆ ಗಿಣ್ಣಿನಲ್ಲಿ ಉಳಿದಿರಬಹುದು. ಯಾವ ದಿನ ಯಾವ ಔಷಧ ಹಾಕಿತೆಂದು ಗೋಡೆಯ ಕ್ಯಾಲೆಂಡರಿನ ಮೇಲಾದರೂ ಗುರುತು ಹಾಕಿಡುವ ಮನೆಗಳು ಎಷ್ಟಿವೆ?

ಇಷ್ಟೆಲ್ಲ ದಾಟಿ ಬಂದ ಗಿಣ್ಣನ್ನು ಕಾರ್ಖಾನೆ ಕೆಡಿಸಬಹುದೇ ಹೊರತು ಉತ್ತಮಗೊಳಿಸಲಾರದು. ಪ್ರತಿಕಾಯಗಳು ಶಾಖಕ್ಕೆ ಅಂಜುವ ವಸ್ತುಗಳು. 60 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇರಿಸಿದರೆ ಬಹುಪಾಲು ರೋಗಾಣುಗಳು ಸತ್ತು ಪ್ರತಿಕಾಯಗಳು ಬಹುಮಟ್ಟಿಗೆ ಉಳಿಯುತ್ತವೆ. ಹಾಲನ್ನು ಕಾಯಿಸುವ ಸಾಮಾನ್ಯ ಪ್ಯಾಶ್ಚರೀಕರಣದ ಶಾಖ ತಾಗಿದರೆ ಗಿಣ್ಣು ಮಂದವಾಗಿ ಪ್ರತಿಕಾಯಗಳು ನಷ್ಟವಾಗತೊಡಗುತ್ತವೆ. ಹಬೆಯಲ್ಲಿ ಬೆಂದ ಮನೆಯ ಗಿಣ್ಣಿನಲ್ಲಿ ಅವು ಉಳಿಯುವ ಮಾತೇ ಇಲ್ಲ. ಅದು ಒಳ್ಳೆಯ ಪುಷ್ಟಿಕರ ತಿನಿಸು, ಮಕ್ಕಳಿಗೆ ಪ್ರಿಯವಾದುದು, ಅಷ್ಟೆ. ಶೀತದಲ್ಲಿ ಒಣಗಿಸುವ ವಿಧಾನ ಉತ್ತಮ, ಆದರೆ ದುಬಾರಿ. ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವುದಾದರೆ ಶಾಖದ ಮೇಲೆ ಹತೋಟಿ ಬೇಕು. 1950ರಿಂದ ಮೈಸೂರಿನಲ್ಲಿಯೇ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಇರುವಾಗ ಈ ವಿದ್ಯೆಗೆ ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ.

ಹಾಗಾದರೆ ಪುಡಿ ತಿನ್ನುವ ಮನುಷ್ಯನಿಗೆ ಆಗುವ ಲಾಭವೇನು? ಬೆಳೆದ ಮನುಷ್ಯನ ಕರುಳು ಕರುವಿನ ಮೊದಲ ದಿನದ ಕರುಳಲ್ಲ. ಹಸುವಿನ ಪ್ರತಿಕಾಯಗಳು ಅಲ್ಲಿ ಬೇರೆ ಸಸಾರಜನಕಗಳಂತೆಯೇ ಬಹುಪಾಲು ಜೀರ್ಣವಾಗುತ್ತವೆ. ರಕ್ತಕ್ಕೆ ಇಡಿಯಾಗಿ ಸೇರುವುದಿಲ್ಲ. ನಿರ್ದಿಷ್ಟ ರೋಗಾಣುಗಳ ವಿರುದ್ಧ ಲಸಿಕೆ ಹಾಕಿದ ಹಸುಗಳ ಗಿಣ್ಣು ಕೆಲವು ಬಗೆಯ ಅತಿಸಾರವನ್ನು ಕರುಳಿನಲ್ಲಿಯೇ ತಡೆಯಬಲ್ಲದೆಂದು ಕೆಲವು ಪ್ರಯೋಗಗಳು ತೋರಿಸಿವೆ. ಅದು ಗಮನಾರ್ಹ ಸಂಗತಿ. ಆದರೆ ಅದರ ಬಲದಿಂದ ಮಧುಮೇಹ, ಅರ್ಬುದ ಮುಂತಾದ ರೋಗಗಳಿಗೆಲ್ಲ ಗಿಣ್ಣಿನ ಗುಳಿಗೆಯೇ ಮದ್ದೆಂದು ಸಾರುವುದಕ್ಕೆ ಆಧಾರವಿಲ್ಲ. ವಿಶ್ವ ಉದ್ದೀಪನ ನಿಗ್ರಹ ಸಂಸ್ಥೆ ಗಿಣ್ಣನ್ನು ನಿಷೇಧಿಸಿಲ್ಲವಾದರೂ, ಅದರಲ್ಲಿರುವ ಬೆಳವಣಿಗೆಯ ಅಂಶಗಳು ಪರೀಕ್ಷೆಯ ಫಲಿತಾಂಶವನ್ನು ಬಾಧಿಸಬಹುದಾದುದರಿಂದ ಕ್ರೀಡಾಪಟುಗಳು ಬಳಸದಿರುವುದು ಲೇಸೆಂದು ಎಚ್ಚರಿಸಿದೆ. ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಹೆತ್ತ ತಾಯಿಯ ಮೊದಲ ಹಾಲು ಹಳದಿಯಾಗಿ ಅಂಟಾಗಿರುತ್ತದೆಂದು ಅದನ್ನು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಜೇನನ್ನೋ ಸಕ್ಕರೆನೀರನ್ನೋ ಹಾಕುವ ಪದ್ಧತಿ ಹಳ್ಳಿಗಳಿಂದ ಪೂರ್ತಿ ಹೋಗಿಲ್ಲ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಬೇಕಾದ ಅಮೃತ ಅದು. ಅದನ್ನು ಚೆಲ್ಲಿದ ಮನೆಯವರೇ ಮಗು ಬೆಳೆದ ಮೇಲೆ ಹಸುವಿನ ಗಿಣ್ಣಿನ ಪುಡಿಯನ್ನು ದುಡ್ಡು ಕೊಟ್ಟು ತರುವುದಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಮತ್ತೊಂದಿಲ್ಲ.

ಗಿಣ್ಣಿನ ವ್ಯಾಪಾರವೇ ಪಾಪವೆಂದು ಹೇಳುವುದು ಈ ಮಾತುಗಳ ತಾತ್ಪರ್ಯವಲ್ಲ. ಮಿಶ್ರತಳಿಯ ಹಸುವಿನ ಮೊದಲ ಕರೆತದಲ್ಲಿ ಕರುವಿಗೆ ಬೇಕಾದುದಕ್ಕಿಂತ ಹೆಚ್ಚು ಗಿಣ್ಣು ಬರುವುದುಂಟು. ಕರುವಿನ ತೂಕದ ಹತ್ತನೆಯ ಒಂದು ಭಾಗ, ಎಂದರೆ 30 ಕಿಲೋ ಕರುವಿಗೆ 3 ಲೀಟರು, ಅದರ ಪಾಲು. ಅದರಲ್ಲಿ ಸಾಧ್ಯವಾದಷ್ಟನ್ನು ಮೊದಲ ಎರಡು ಗಂಟೆಗಳೊಳಗೆ ಕುಡಿಸಿ, ಉಳಿದುದನ್ನು ಆ ದಿನವೇ ಕುಡಿಸಿ ಮುಗಿಸಬೇಕು. ಅಷ್ಟಾದ ಮೇಲೆ ಮಿಕ್ಕುದನ್ನು ಮಾರುವುದಕ್ಕೆ ಯಾರ ಅಡ್ಡಿಯೂ ಇರಬೇಕಾಗಿಲ್ಲ. ಹಾಲಿನ ಸಂಘಗಳು ಗಿಣ್ಣನ್ನು ಸ್ವೀಕರಿಸುವುದಿಲ್ಲ. ಹಾಲಿನಲ್ಲಿ ಗಿಣ್ಣು ಬೆರೆತಿರಬಾರದೆಂಬುದು 1955ರ ಆಹಾರ ಕಲಬೆರಕೆ ತಡೆ ನಿಯಮಗಳ ಕಾಲದಿಂದ ಬಂದ ವಿಧಿ. ಅದು ಸರಿಯಾದುದೇ, ಗಿಣ್ಣು ಬೆರೆತ ಹಾಲು ಕಾಯಿಸಿದರೆ ಒಡೆಯುತ್ತದೆ. ಆದರೆ ಪ್ರತ್ಯೇಕವಾಗಿ, ಪ್ರತ್ಯೇಕ ಬೆಲೆಗೆ, ಗುಣ ನೋಡಿ ಕೊಳ್ಳುವ ವ್ಯವಸ್ಥೆಯನ್ನು ಸಂಘಗಳೇ ಮಾಡಿದರೆ ದಲ್ಲಾಳಿಗಳ ಕೈಗೆ ಈ ವ್ಯವಹಾರ ಬೀಳುವುದು ತಪ್ಪುತ್ತದೆ. ಬಿಡುವು ಕೊಟ್ಟ ಹಸುವಿನ ಗಿಣ್ಣಿಗೆ ಹೆಚ್ಚಿನ ಬೆಲೆ ಸಿಗುವುದಾದರೆ ಆ 240 ಲೀಟರಿನ ಪ್ರಶ್ನೆಗೂ ಸ್ವಲ್ಪಮಟ್ಟಿನ ಉತ್ತರ ದೊರೆತಂತಾಗುತ್ತದೆ.

ಗುಣ ನೋಡುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಕಬ್ಬಿನ ರಸದ ಸಿಹಿಯನ್ನು ಅಳೆಯುವ ಬ್ರಿಕ್ಸ್ ಮಾಪಕವನ್ನು ನಂಜನಗೂಡು ಸೀಮೆಯ ಕಬ್ಬು ಬೆಳೆಗಾರರು ಕಂಡಿದ್ದಾರೆ. ಅದೇ ಪುಟ್ಟ ಉಪಕರಣದ ಗಾಜಿನ ಮೇಲೆ ಒಂದು ಹನಿ ಗಿಣ್ಣು ಹಾಕಿ ಬೆಳಕಿಗೆ ಹಿಡಿದಾಗ ಮುಳ್ಳಿನಂತಹ ಗೆರೆ 22ರ ಮೇಲೆ ನಿಂತರೆ, ಲೀಟರಿಗೆ 50 ಗ್ರಾಂ ಅಥವಾ ಅದಕ್ಕೂ ಮೇಲ್ಪಟ್ಟು ಪ್ರತಿಕಾಯಗಳಿವೆಯೆಂದು ಭಾವಿಸಬಹುದು. ಉತ್ತಮ ಗಿಣ್ಣಿನ ಮಟ್ಟ ಅದು. ಬಣ್ಣವನ್ನೋ ದಪ್ಪವನ್ನೋ ನೋಡಿ ನಿರ್ಣಯಿಸುವುದು ಮೋಸಕ್ಕೆ ದಾರಿ. ಪುಡಿ ತಯಾರಿಸುವವರಾದರೋ ಡಬ್ಬಿಯ ಮೇಲೆ ಪ್ರತಿಕಾಯಗಳು ಶೇಕಡ ಎಷ್ಟಿವೆ, ಈದು ಎಷ್ಟು ಗಂಟೆಯೊಳಗಿನ ಗಿಣ್ಣು, ಎಷ್ಟು ಶಾಖ ತಾಗಿದೆ ಎಂಬುದನ್ನು ಕನ್ನಡದಲ್ಲಿ ಅಚ್ಚುಹಾಕಬೇಕು. ಹೊಳೆಯುವ ಕಾಗದದ ಮೇಲೆ ಹಸುವಿನ ಚಿತ್ರ ಬರೆಸುವುದಕ್ಕಿಂತ ಇದು ಅಗ್ಗದ ಕೆಲಸ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದನ ಕಾಯುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ತುರುಗಾಹಿ ರಾಮಣ್ಣನವರಿಗೆ ಶರಣರ ನಡುವೆ ಸ್ಥಾನವಿತ್ತು. ಶ್ರೀಮಠದ ಆಶ್ರಯದ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಮುಂಜಾನೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗಿಬಂದು, ಆಮೇಲೆ ಪುಸ್ತಕದ ಚೀಲ ಹಿಡಿಯುವವರು. ವಿಜ್ಞಾನದ ತರಗತಿಯಲ್ಲಿ ಪ್ರತಿಕಾಯಗಳ ಪಾಠ ನಡೆಯುವಾಗ ಅವರಿಗೆ ಕರುವಿನ ಮೊದಲ ದಿನವನ್ನೇ ಉದಾಹರಣೆಯಾಗಿ ಹೇಳಬಹುದು. ಬ್ರಿಕ್ಸ್ ಮಾಪಕವೊಂದನ್ನು ಶಾಲೆಗೆ ತರಿಸಿ, ಅವರವರ ಮನೆಯ ಹಸು ಈದಾಗ ಒಂದು ಹನಿಯನ್ನು ತಂದು ಅಳೆಯಲು ಬಿಡಬಹುದು. ಸತ್ತೆ ಬೀಳಲೆಂದು ಕಾಯುವ ಅಜ್ಜಿಗೆ ಪಶುವೈದ್ಯರ ಮಾತಿಗಿಂತ ಮೊಮ್ಮಗಳ ಮಾತು ಬೇಗ ನಾಟುತ್ತದೆ. ಸುತ್ತೂರಿನ ಜಾತ್ರೆಯಲ್ಲಿ ವರ್ಷವರ್ಷವೂ ಕೃಷಿಮೇಳವೂ ದನಗಳ ಪರಿಷೆಯೂ ಸೇರುತ್ತವೆ. ಹಾಲು ಕರೆಯುವ ಸ್ಪರ್ಧೆ ಎಲ್ಲಿಯೇ ನಡೆದರೂ ಲೀಟರುಗಳನ್ನು ಎಣಿಸಿ ಬಹುಮಾನ ಕೊಡುವುದು ರೂಢಿ. ತೀರ್ಪುಗಾರರು ಹಸುವಿನ ಜೊತೆಗೆ ಅದರ ಕರುವನ್ನೂ, ಗಂಡಾದರೂ ಹೆಣ್ಣಾದರೂ, ಕರೆತರಬೇಕೆಂದು ಒಂದು ನಿಯಮವನ್ನು ಸೇರಿಸಿ, ಅದರ ಮೈಯನ್ನೂ ಒಮ್ಮೆ ಸವರಿ ನೋಡಿ ಅಂಕ ಹಾಕಲಿ.